ಯಾವ ತಾಣ ದೊಡ್ಡದು?

ಶಿಕಾಗೊದಿಂದ ಡೆಟ್ರಾಯಿಟ್‌ಗೆ ಐ-94 ಹೆದ್ದಾರಿಯಲ್ಲಿ ಸುಮಾರು 280 ಮೈಲಿ. ಮಿಷಿಗನ್ ಸರೋವರದ ದಕ್ಷಿಣದ ಅಂಚನ್ನು ಬಳಸಿ, ಇಂಡಿಯಾನಾ ರಾಜ್ಯವನ್ನು ಮುಟ್ಟಿ, ಕಲಮಜೂ, ಬ್ಯಾಟಲ್ ಕ್ರೀಕ್, ಆನ್ ಆರ್ಬರ್ ಹಾದು ಹೋಗಬೇಕು. ಆ ತುದಿಯ ಕ್ಯಾಂಟನ್ ಎಂಬ ಉಪನಗರದಲ್ಲಿ ನನ್ನ ಭಾವನವರ ಮನೆ, ಈ ತುದಿಯ ನೇಪರ್‌ವಿಲ್‌ನಲ್ಲಿ ನಮ್ಮದು. ಭಾವ ಎಂದರೆ ನಮ್ಮ ಯಜಮಾನರ ಅಣ್ಣ, ಕಾರು ಕಂಪನಿಯೊಂದರಲ್ಲಿ ಎಂಜಿನಿಯರ್. ನಾನು ಇಲ್ಲಿನ ಒಂದು ಸಾರ್ವಜನಿಕ ಗ್ರಂಥಾಲಯದಲ್ಲಿ ಬಹಳ ವರ್ಷ ಕೆಲಸ ಮಾಡಿದವಳು. ಥ್ಯಾಂಕ್ಸ್‌ಗಿವಿಂಗ್‌ಗೆ ನಾವು ಅಲ್ಲಿಗೆ, ಲೇಬರ್ ಡೇ ರಜೆಗೆ ಅವರು ಇಲ್ಲಿಗೆ. ಎರಡು ಮನೆಗಳ ನಡುವೆ ಹೀಗೊಂದು ಪದ್ಧತಿ ಬೆಳೆದುಬಂತು. ಊಟ ಮುಗಿಸಿ ಕವಳದ ತಟ್ಟೆಯ ಸುತ್ತ ಕೂತರೆ ಒಂದಲ್ಲ ಒಂದು ಹೊತ್ತಿಗೆ ಅದೇ ವಾದ ಏಳುತ್ತಿತ್ತು: ನಮ್ಮ ಕಾಲದಲ್ಲಿ ಜನರ ಬದುಕನ್ನು ಎಲ್ಲಕ್ಕಿಂತ ಹೆಚ್ಚು ಬದಲಿಸಿದ ವೆಬ್‌ಸೈಟ್ ಯಾವುದು?

ಆ ವಾದ ಮೊದಲು ಹತ್ತಿಕೊಂಡದ್ದು 2008ರಲ್ಲಿ. ಅಮೆರಿಕ ಕನ್ನಡ ಕೂಟಗಳ ಆಗರ, ನಾವೆಲ್ಲ ಬಾಯ್ತುಂಬ ‘ಅಕ್ಕ’ ಎನ್ನುವ ಸಂಸ್ಥೆ, ಆ ವರ್ಷದ ವಿಶ್ವ ಕನ್ನಡ ಸಮ್ಮೇಳನವನ್ನು ಶಿಕಾಗೊ ವಿಮಾನ ನಿಲ್ದಾಣದ ಪಕ್ಕದ ರೋಸ್‌ಮಾಂಟ್‌ನಲ್ಲಿ ಇಟ್ಟುಕೊಂಡಿತ್ತು. ಇಲ್ಲಿನ ವಿದ್ಯಾರಣ್ಯ ಕನ್ನಡ ಕೂಟದವರಿಗೆ ತಿಂಗಳುಗಟ್ಟಲೆ ಬೇರೆ ಮಾತೇ ಇರಲಿಲ್ಲ. 2002ರಲ್ಲಿ ಇದೇ ಸಮ್ಮೇಳನ ಡೆಟ್ರಾಯಿಟ್‌ನಲ್ಲಿ ನಡೆದಾಗ ಅಲ್ಲಿನ ಪಂಪ ಕನ್ನಡ ಕೂಟದ ಜೊತೆ ಓಡಾಡಿದ ಭಾವನಿಗೆ ನಮ್ಮ ಊಟದ ಸಾಲಿನಿಂದ ಹಿಡಿದು ವೇದಿಕೆಯ ದೀಪದವರೆಗೆ ಪ್ರತಿಯೊಂದರ ಬಗ್ಗೆಯೂ ಒಂದು ಅಭಿಪ್ರಾಯವಿತ್ತು. ರಾತ್ರಿ ಮನೆಗೆ ಬಂದು ಮೊಸರನ್ನ ಉಣ್ಣುವಾಗ, ಸಮ್ಮೇಳನದ ಫೋಟೋ ಯಾವ ತಾಣದಲ್ಲಿ ಮೊದಲು ಬರುತ್ತದೆ ಎಂದು ಮಕ್ಕಳು ಲೆಕ್ಕ ಹಾಕುತ್ತಿದ್ದರು. ಅಲ್ಲಿಂದ ಹೊರಟ ಮಾತು ಮಧ್ಯರಾತ್ರಿ ಕಳೆದರೂ ಮುಗಿಯಲಿಲ್ಲ.

ಭಾವನದ್ದು ಮೊದಲಿನಿಂದಲೂ ಗೂಗಲ್ ಪಕ್ಷ. ಅದರಲ್ಲಿ ಅರ್ಧ ಊರಿನ ಅಭಿಮಾನ. ಗೂಗಲ್ ಕಟ್ಟಿದ ಇಬ್ಬರಲ್ಲಿ ಒಬ್ಬನಾದ ಲ್ಯಾರಿ ಪೇಜ್ 1973ರಲ್ಲಿ ಹುಟ್ಟಿದ್ದು ಮಿಷಿಗನ್‌ನ ಲ್ಯಾನ್ಸಿಂಗ್‌ನಲ್ಲಿ. ಎಂಜಿನಿಯರಿಂಗ್ ಓದಿದ್ದು ಆನ್ ಆರ್ಬರ್‌ನ ಮಿಷಿಗನ್ ವಿಶ್ವವಿದ್ಯಾಲಯದಲ್ಲಿ, ಭಾವನ ಮನೆಯಿಂದ ಅರ್ಧ ಗಂಟೆಯ ದಾರಿ. ಇಂಟರ್ನೆಟ್ ಈ ದೇಶದ ವಿಶ್ವವಿದ್ಯಾಲಯಗಳಿಗೆಲ್ಲ ಹರಿದ ಮುಖ್ಯ ಜಾಲ ಎನ್‌ಎಸ್‌ಎಫ್‌ನೆಟ್ ಅನ್ನು 1987ರಿಂದ 1995ರವರೆಗೆ ನಡೆಸಿದ ಮೆರಿಟ್ ಎಂಬ ಸಂಸ್ಥೆಯೂ ಆನ್ ಆರ್ಬರ್‌ನದೇ. “ಕಾರೂ ನಮ್ಮಲ್ಲೇ, ಇಂಟರ್ನೆಟ್ಟೂ ನಮ್ಮಲ್ಲೇ ಮಾರಾಯ್ತಿ. ಶಿಕಾಗೊದವರು ಏನು ಕೊಟ್ಟಿದೀರಿ ಹೇಳು” ಎಂದು ನನ್ನನ್ನು ಕೆಣಕುತ್ತಿದ್ದರು.

ಉತ್ತರ ಕೊಡುತ್ತಿದ್ದವನು ನನ್ನ ಮಗ. ಆಗ ಅವನು ಹೈಸ್ಕೂಲು. ಚಿತ್ರ ಮತ್ತು ಬರಹ ಒಂದೇ ಪುಟದಲ್ಲಿ ಕಾಣುವಂತೆ ಮಾಡಿ, ವೆಬ್ ಎಂಬುದನ್ನು ಸಾಮಾನ್ಯರ ಕೈಗೆ ಕೊಟ್ಟ ಮೊಸಾಯಿಕ್ ಬ್ರೌಸರ್ 1993ರಲ್ಲಿ ತಯಾರಾದದ್ದು ನಮ್ಮ ಇಲಿನಾಯ್ ವಿಶ್ವವಿದ್ಯಾಲಯದ ಅರ್ಬಾನಾ-ಶಾಂಪೇನ್ ಆವರಣದಲ್ಲಿ. ಮಾರ್ಕ್ ಆಂಡ್ರೀಸನ್, ಎರಿಕ್ ಬೀನಾ ಬರೆದದ್ದು. 2005ರಲ್ಲಿ ಯೂಟ್ಯೂಬ್ ಆರಂಭಿಸಿದ ಮೂವರಲ್ಲಿ ಸ್ಟೀವ್ ಚೆನ್, ಜಾವೆದ್ ಕರೀಮ್ ಇಬ್ಬರೂ ಅಲ್ಲೇ ಓದಿದವರು. ಚೆನ್ ಅದಕ್ಕೂ ಮೊದಲು ಓದಿದ್ದು ಅರೋರಾದ ಗಣಿತ-ವಿಜ್ಞಾನ ಅಕಾಡೆಮಿಯಲ್ಲಿ. ಅರೋರಾ ಎಂದರೆ ನಾವು ವೈಕುಂಠ ಏಕಾದಶಿಗೆ ಹೋಗುವ ಬಾಲಾಜಿ ದೇವಸ್ಥಾನದ ಊರು. ಹೀಗಾಗಿ ಯೂಟ್ಯೂಬ್ ನಮ್ಮ ನೆರೆಮನೆಯ ಹುಡುಗನ ಕೆಲಸವೆಂದೇ ಮಗನ ಭಾವನೆ. 2006ರ ಕೊನೆಯಲ್ಲಿ ಬಿಡುಗಡೆಯಾದ ‘ಮುಂಗಾರು ಮಳೆ’ಯ ಹಾಡುಗಳನ್ನು ಅವನು ಕಲಿತದ್ದು ಅಲ್ಲಿಂದ. ಅಪ್ಪ ಅಮ್ಮ ಎಷ್ಟು ಹೇಳಿದರೂ ಬಾರದ ಕನ್ನಡ ಆ ಹಾಡುಗಳ ಹಿಂದೆ ತಾನಾಗಿ ಬಂತು. ಆ ಒಂದು ಕಾರಣಕ್ಕೆ ನಾನು ಅವನ ಪಕ್ಷವನ್ನು ಹಗುರವಾಗಿ ತೆಗೆದುಕೊಳ್ಳಲಿಲ್ಲ.

ಆದರೆ ಎಲ್ಲಿ ಹುಟ್ಟಿತು ಎಂಬುದರಿಂದ ಪ್ರಭಾವ ಎಷ್ಟು ಎಂದು ತಿಳಿಯುವುದಿಲ್ಲ. ಎಷ್ಟು ಜನ ನೋಡಿದರು ಎಂಬುದರಿಂದಲೂ ತಿಳಿಯುವುದಿಲ್ಲ ಎಂದು ಮೊದಲು ತೋರಿಸಿಕೊಟ್ಟವಳು ನನ್ನ ವಾರಗಿತ್ತಿ. ಗಂಡಸರ ಮಾತು ಮುಗಿಯುವವರೆಗೆ ಸುಮ್ಮನಿದ್ದು ಅವಳು ಹೇಳಿದ್ದು ಅಮೆರಿಕ ಸರ್ಕಾರದ ವೀಸಾ ಬುಲೆಟಿನ್ ಪುಟದ ಹೆಸರು. ಕೋಣೆ ಒಮ್ಮೆ ಸ್ತಬ್ಧವಾಯಿತು. ಅಲ್ಲಿ ಕೂತಿದ್ದವರಲ್ಲಿ ಆ ಪುಟವನ್ನು ನೋಡದ ಮನೆ ಒಂದೂ ಇರಲಿಲ್ಲ. ಚಿತ್ರವಿಲ್ಲ, ಬಣ್ಣವಿಲ್ಲ, ತಿಂಗಳಿಗೊಮ್ಮೆ ಬದಲಾಗುವ ಒಂದು ಕೋಷ್ಟಕ. ಯಾವ ದೇಶದವರ, ಯಾವ ವರ್ಗದ ಅರ್ಜಿ ಎಲ್ಲಿಯವರೆಗಿನದು ಹಸಿರು ಕಾರ್ಡಿನ ಪರಿಶೀಲನೆಗೆ ಬಂದಿದೆ ಎಂಬ ತಾರೀಖು ಅದರಲ್ಲಿರುತ್ತದೆ. ಯಾವುದೇ ಒಂದು ದೇಶಕ್ಕೆ ವರ್ಷದ ಪಾಲಿನಲ್ಲಿ ಶೇ. 7ಕ್ಕಿಂತ ಹೆಚ್ಚು ಕೊಡುವಂತಿಲ್ಲವೆಂಬ ನಿಯಮದಿಂದ ಭಾರತದವರ ಸಾಲು ವರ್ಷಗಟ್ಟಲೆ ಉದ್ದ. ಆ ತಾರೀಖು ಮುಂದೆ ಹೋದರೆ ಮನೆ ಕೊಳ್ಳುವ ಮಾತು, ಹಿಂದೆ ಸರಿದರೆ ಊರಿಗೆ ಮರಳುವ ಮಾತು. 2007ರ ಜುಲೈಗೆ ಬಹುಪಾಲು ಉದ್ಯೋಗ ವರ್ಗಗಳ ಬಾಗಿಲು ಒಟ್ಟಿಗೆ ತೆರೆದಿದೆ ಎಂದು ಪುಟ ಹೇಳಿತು. ಜುಲೈ 2ಕ್ಕೆ ಅದು ರದ್ದಾಯಿತು. ಆಗ ದೇಶದಾದ್ಯಂತ ಭಾರತೀಯರು ಸಿಟ್ಟು ತೋರಿಸದೆ, ಗಾಂಧೀಜಿಯ ದಾರಿ ಎಂದುಕೊಂಡು ವಲಸೆ ಇಲಾಖೆಯ ಮುಖ್ಯಸ್ಥರಿಗೆ ಹೂಗುಚ್ಛ ಕಳಿಸಿದರು. ಜುಲೈ 17ಕ್ಕೆ ಬಾಗಿಲು ಮತ್ತೆ ತೆರೆಯಿತು. ಅರ್ಜಿಗೆ ಬೇಕಾದ, ಮಕ್ಕಳ ಹುಟ್ಟಿದ ದಿನದ ದಾಖಲೆಗಾಗಿ ಆ ಕೆಲವು ವಾರ ಸಾಗರ, ಶಿರಸಿ, ತಿಪಟೂರಿನ ಕಚೇರಿಗಳಿಗೆ ಎಷ್ಟು ಅಮ್ಮಂದಿರು, ಸೋದರಮಾವಂದಿರು ಅಲೆದಿರಬೇಕು!

“ನಿಮ್ಮ ಗೂಗಲ್ ಇಲ್ಲದಿದ್ದರೆ ಇನ್ನೊಂದರಲ್ಲಿ ಹುಡುಕುತ್ತಿದ್ದಿರಿ. ಈ ಪುಟಕ್ಕೆ ಬದಲು ಇತ್ತೇನ್ರೀ?” ಎಂದು ವಾರಗಿತ್ತಿ ತನ್ನ ಗಂಡನನ್ನು ಕೇಳಿದಳು. ಅವಳ ಆ ಪ್ರಶ್ನೆಯನ್ನೇ ನಾನು ಮುಂದೆ ಅಳತೆಗೋಲಾಗಿ ಇಟ್ಟುಕೊಂಡೆ. ಒಂದು ತಾಣವನ್ನು ತೆಗೆದುಬಿಟ್ಟರೆ ನಮ್ಮ ಬದುಕಿನಲ್ಲಿ ಏನು ಇಲ್ಲವಾಗುತ್ತಿತ್ತು? ಪ್ರಭಾವವನ್ನು ಅಳೆಯಲು ಇದಕ್ಕಿಂತ ನ್ಯಾಯವಾದ ದಾರಿ ನನಗೆ ಕಂಡಿಲ್ಲ.

ಮುಂದಿನ ವರ್ಷ ವಾದದ ದನಿಯೇ ಬದಲಾಯಿತು. 2009ರ ಏಪ್ರಿಲ್ ಕೊನೆಯಲ್ಲಿ ಕ್ರೈಸ್ಲರ್, ಜೂನ್ 1ಕ್ಕೆ ಜನರಲ್ ಮೋಟರ್ಸ್ ದಿವಾಳಿ ಅರ್ಜಿ ಹಾಕಿದವು. ಮಿಷಿಗನ್‌ನಲ್ಲಿ ನಿರುದ್ಯೋಗ ಶೇ. 14 ದಾಟಿತು. ಭಾವನ ಬೀದಿಯಲ್ಲಿ ಮಾರಾಟಕ್ಕಿದ್ದ ಮನೆಗಳ ಫಲಕಗಳು ಸಾಲುಗಟ್ಟಿ ನಿಂತಿದ್ದವು. ಅದೇ ವರ್ಷ ಮಾರ್ಚ್ ಕೊನೆಯಿಂದ ಡೆಟ್ರಾಯಿಟ್‌ನ ಎರಡು ದೊಡ್ಡ ಪತ್ರಿಕೆಗಳು, ಫ್ರೀ ಪ್ರೆಸ್ ಮತ್ತು ನ್ಯೂಸ್, ಮನೆಗೆ ಪೇಪರ್ ಹಾಕುವುದನ್ನು ವಾರಕ್ಕೆ ಮೂರೇ ದಿನಕ್ಕೆ ಇಳಿಸಿದವು. ಫ್ರೀ ಪ್ರೆಸ್ 1831ರಿಂದ ಬಂದ ಪತ್ರಿಕೆ. ನಮ್ಮ ಶಿಕಾಗೊ ಟ್ರಿಬ್ಯೂನ್‌ನ ಮಾಲೀಕ ಕಂಪನಿ 2008ರ ಡಿಸೆಂಬರ್‌ನಲ್ಲೇ ದಿವಾಳಿಗೆ ಹೋಗಿತ್ತು. ಸಾಲದ ಹೊರೆ, ಕುಸಿದ ಆರ್ಥಿಕತೆ ಎಲ್ಲವೂ ಕಾರಣವೇ. ಆದರೆ ಬಾಡಿಗೆ ಮನೆ, ಹಳೆ ಕಾರು, ಕೆಲಸ ಖಾಲಿ ಇದೆ ಎಂಬ ಸಣ್ಣ ಜಾಹೀರಾತುಗಳು ಕ್ರೇಗ್ಸ್‌ಲಿಸ್ಟ್‌ನಂಥ ತಾಣಗಳಿಗೆ ಪುಕ್ಕಟೆಯಾಗಿ ಹೋದದ್ದು ಪತ್ರಿಕೆಗಳ ಬುಡವನ್ನೇ ಅಲುಗಿಸಿತ್ತು. ಭಾವ ಬೆಳಿಗ್ಗೆ ಕಾಫಿ ಲೋಟ ಹಿಡಿದು ಬಾಗಿಲು ತೆರೆದು, ಸೋಮವಾರ ಪೇಪರ್ ಇಲ್ಲ ಎಂಬುದು ನೆನಪಾಗಿ ಒಳಗೆ ಬರುತ್ತಿದ್ದರು. ಗೂಗಲ್ ಕೊಟ್ಟದ್ದನ್ನು ಮಾತ್ರ ಎಣಿಸುತ್ತಿದ್ದವರು ಅಂದಿನಿಂದ ಇಂಟರ್ನೆಟ್ ಕಿತ್ತುಕೊಂಡದ್ದನ್ನೂ ಎಣಿಸತೊಡಗಿದರು.

ಆ ವರ್ಷ ಗ್ರಂಥಾಲಯದಲ್ಲಿ ನಾನು ಕಂಡದ್ದೂ ಇದಕ್ಕೆ ಸೇರಿದ್ದು. ಬೆಳಿಗ್ಗೆ ಬಾಗಿಲು ತೆರೆಯುವ ಮೊದಲೇ ಜನ ನಿಂತಿರುತ್ತಿದ್ದರು. ಯಾರೂ ಪುಸ್ತಕಕ್ಕೆ ಬಂದವರಲ್ಲ, ಕಂಪ್ಯೂಟರಿಗೆ ಬಂದವರು. ಮೂವತ್ತು ವರ್ಷ ಕಾರ್ಖಾನೆಯಲ್ಲಿ ದುಡಿದು ಮೌಸ್ ಹಿಡಿದು ಗೊತ್ತಿಲ್ಲದವರು, ಉಗ್ರಾಣದ ಕೆಲಸಕ್ಕೂ ಆನ್‌ಲೈನ್ ಅರ್ಜಿಯೇ ಆಗಬೇಕೆಂದು ಹೇಳಿಸಿಕೊಂಡು ಬಂದವರು. ಇಮೇಲ್ ವಿಳಾಸ ಎಂದರೇನು ಎಂಬಲ್ಲಿಂದ ಅವರಿಗೆ ಕಲಿಸಬೇಕಿತ್ತು. ಒಂದು ತಾಣ ತನ್ನನ್ನು ಬಳಸಲು ಬಾರದವರ ಮೇಲೆ ಬೀರುವ ಪ್ರಭಾವವನ್ನು ಯಾವ ಪಟ್ಟಿಯೂ ಲೆಕ್ಕಕ್ಕೆ ಹಿಡಿಯುವುದಿಲ್ಲ. ನಾನು ಆ ಥ್ಯಾಂಕ್ಸ್‌ಗಿವಿಂಗ್‌ನಲ್ಲಿ ಇದನ್ನು ಹೇಳಿದಾಗ ಯಾರೂ ಎದುರಾಡಲಿಲ್ಲ.

ಕನ್ನಡದ ತಾಣಗಳ ಮಾತು ಬಂದಾಗ ಮಾತ್ರ ಶಿಕಾಗೊ-ಡೆಟ್ರಾಯಿಟ್ ಭೇದ ಮರೆತುಹೋಗುತ್ತಿತ್ತು. ಎಲ್ಲರಿಗೂ ಒಂದೇ ನೆನಪು. 2006ರ ಏಪ್ರಿಲ್ 12, ಡಾ. ರಾಜ್‌ಕುಮಾರ್ ತೀರಿಕೊಂಡ ದಿನ. ಬೆಂಗಳೂರಿನಲ್ಲಿ ಮಧ್ಯಾಹ್ನ ಎರಡು ಗಂಟೆ ದಾಟಿತ್ತು. ನಮಗೆ ಬೆಳಗಿನ ಜಾವ ಮೂರೂವರೆ, ಭಾವನಿಗೆ ನಾಲ್ಕೂವರೆ. ಊರಿನಿಂದ ಅವರಿಗೆ ಫೋನ್ ಬಂತು, ಅವರಿಂದ ನಮಗೆ ಬಂತು. ನಂಬಿಕೆಯಾಗದೆ ಕಂಪ್ಯೂಟರ್ ಹಾಕಿ ದಟ್ಸ್‌ಕನ್ನಡ ಎಂಬ ಸುದ್ದಿ ತಾಣ ತೆರೆದೆವು. ಪರದೆಯ ಮೇಲೆ ಕನ್ನಡದಲ್ಲಿ ಆ ಸುದ್ದಿ ಓದಿದ ಮೇಲೆಯೇ ಅದು ನಿಜವೆನಿಸಿದ್ದು. ಯಜಮಾನರು ಕುರ್ಚಿಯಲ್ಲೇ ಬೆಳಗು ಮಾಡಿದರು. ಪುಟವನ್ನು ಮತ್ತೆ ಮತ್ತೆ ತೆರೆದು ಹೊಸದೇನು ಬಂತು ಎಂದು ನೋಡುತ್ತಿದ್ದರು. ಸಾವಿನ ಮನೆಯ ಅಂಗಳದಲ್ಲಿ ನಿಲ್ಲಬೇಕಾದವರು ಸಾವಿರಾರು ಮೈಲಿಯ ಆಚೆ ಒಂದು ಪುಟದ ಮುಂದೆ ಕೂತಿದ್ದೆವು. ಅದೇ ದಟ್ಸ್‌ಕನ್ನಡದಲ್ಲಿ ಶ್ರೀವತ್ಸ ಜೋಶಿಯವರ ‘ವಿಚಿತ್ರಾನ್ನ’ ಅಂಕಣವನ್ನು ನಾವು ವಾರ ವಾರ ಕಾದು ಓದುತ್ತಿದ್ದೆವು. ಎರಡು ಮನೆಗಳ ನಡುವೆ ಫೋನಿನಲ್ಲಿ ಅದರ ಚರ್ಚೆಯಾಗುತ್ತಿತ್ತು.

2021ರ ಅಕ್ಟೋಬರ್ 29ಕ್ಕೆ ರಾಜ್‌ಕುಮಾರ್ ಅವರ ಮಗ ಪುನೀತ್ ಹೋದ ಸುದ್ದಿಯೂ ನಮಗೆ ಮುಟ್ಟಿದ್ದು ಅದೇ ನಾಲ್ಕು ಗಂಟೆಯ ಜಾವದಲ್ಲಿ. ಈ ಸಲ ಕಂಪ್ಯೂಟರ್ ಹಾಕಲಿಲ್ಲ, ಫೋನಿಗೆ ಯಾರೂ ಕರೆ ಮಾಡಲಿಲ್ಲ. ಮಂಚದ ಪಕ್ಕದ ಮೊಬೈಲು ಒಂದೇ ಸಮನೆ ನಡುಗುತ್ತಿತ್ತು. ವಾಟ್ಸ್ಯಾಪ್ ಗುಂಪುಗಳಲ್ಲಿ ಹೋದರು ಎಂದು ಒಬ್ಬರು, ಇಲ್ಲ ಇದ್ದಾರೆ ಎಂದು ಇನ್ನೊಬ್ಬರು, ಆಸ್ಪತ್ರೆಯ ಮುಂದಿನ ಜನರ ವಿಡಿಯೋ, ಯಾವುದೋ ಹಳೆಯ ಚಿತ್ರ. ನಿಜ ಯಾವುದು ಎಂದು ತಿಳಿಯಲು ಕೊನೆಗೆ ಪತ್ರಿಕೆಯೊಂದರ ತಾಣಕ್ಕೇ ಹೋದೆ. ತಂದೆಯ ಸಾವಿಗೂ ಮಗನ ಸಾವಿಗೂ ನಡುವಿನ ಹದಿನೈದು ವರ್ಷಗಳಲ್ಲಿ ನಡೆದ ಬದಲಾವಣೆ ಇಷ್ಟೇ, ಆದರೆ ಇದು ಸಣ್ಣದಲ್ಲ. ಮೊದಲು ಸುದ್ದಿ ಇದ್ದಲ್ಲಿಗೆ ನಾವು ಹೋಗುತ್ತಿದ್ದೆವು. ಅದಕ್ಕೊಂದು ವಿಳಾಸವಿತ್ತು, ಸಂಪಾದಕರಿದ್ದರು, ತಪ್ಪಿದರೆ ಕೇಳಲು ಒಬ್ಬರಿದ್ದರು. ಈಗ ಸುದ್ದಿಯೇ ನಮ್ಮನ್ನು ಹುಡುಕಿಕೊಂಡು ಬರುತ್ತದೆ, ಯಾರು ಹೇಳಿದ್ದು ಎಂದರೆ ಉತ್ತರವಿಲ್ಲ. ಗ್ರಂಥಾಲಯದಲ್ಲಿ ಕೆಲಸ ಮಾಡಿದ ನನಗೆ ಇದು ನಮ್ಮ ಕಾಲದ ಅತಿ ದೊಡ್ಡ ನಷ್ಟವಾಗಿ ಕಾಣುತ್ತದೆ. ಮಗ ಇದನ್ನು ಒಪ್ಪುವುದಿಲ್ಲ. ಅಷ್ಟು ಜನ ಒಟ್ಟಿಗೆ ಅತ್ತದ್ದೂ ಅದರಿಂದಲೇ ಎನ್ನುತ್ತಾನೆ.

ನನ್ನ ಓಟು ಯಾವಾಗಲೂ ‘ಬರಹ’ಕ್ಕೆ. ಶೇಷಾದ್ರಿ ವಾಸು ತಮ್ಮ ಬಿಡುವಿನ ವೇಳೆಯಲ್ಲಿ ರೂಪಿಸಿ 1998ರಿಂದ ಉಚಿತವಾಗಿ ಹಂಚಿದ ತಂತ್ರಾಂಶ. “ಅದು ವೆಬ್‌ಸೈಟ್ ಅಲ್ಲಮ್ಮ, ಸಾಫ್ಟ್‌ವೇರ್” ಎಂದು ಮಗ ಪ್ರತಿ ಸಲ ಆಕ್ಷೇಪಿಸುತ್ತಾನೆ. ಇರಬಹುದು. ಆದರೆ ಬರಹ ಡಾಟ್ ಕಾಮ್ ಎಂಬ ತಾಣಕ್ಕೆ ಹೋಗಿ ಅದನ್ನು ಇಳಿಸಿಕೊಂಡ ದಿನವನ್ನು ಇಲ್ಲಿನ ನನ್ನ ವಯಸ್ಸಿನ ಯಾವ ಕನ್ನಡಿಗರನ್ನು ಕೇಳಿದರೂ ಹೇಳುತ್ತಾರೆ.

ಅದಕ್ಕೆ ಮೊದಲು ಏನಿತ್ತು ಎಂಬುದನ್ನು ಈಗಿನವರಿಗೆ ವಿವರಿಸಬೇಕು. 1980ರ ದಶಕದಲ್ಲಿ ಶಿಕಾರಿಪುರ ಹರಿಹರೇಶ್ವರ ಅವರು ಕ್ಯಾಲಿಫೋರ್ನಿಯಾದಿಂದ ‘ಅಮೆರಿಕನ್ನಡ’ ಪತ್ರಿಕೆ ತರುತ್ತಿದ್ದರು. ಅಂಚೆಯಲ್ಲಿ ಬಂದ ಆ ಸಂಚಿಕೆ ಮನೆಯಿಂದ ಮನೆಗೆ ಕೈ ಬದಲಾಗುತ್ತಿತ್ತು. ಕೂಟದ ಯುಗಾದಿ ಆಹ್ವಾನವನ್ನು ಅಕ್ಷರ ಚೆನ್ನಾಗಿರುವವರೊಬ್ಬರು ಕೈಯಲ್ಲಿ ಬರೆದು, ಅದನ್ನು ಜೆರಾಕ್ಸ್ ಮಾಡಿ ಹಂಚುವುದಿತ್ತು. ಇಮೇಲ್ ಬಂದ ಮೇಲೆ ಕನ್ನಡವನ್ನೂ ಇಂಗ್ಲಿಷ್ ಅಕ್ಷರಗಳಲ್ಲೇ ಬರೆದೆವು. ಅಮ್ಮನಿಗೆ ಹಾಗೆ ಬರೆದ ಕಾಗದವನ್ನು ಊರಿನಲ್ಲಿ ತಮ್ಮ ಓದಿ ಹೇಳಬೇಕಿತ್ತು. ಯು. ಬಿ. ಪವನಜ ಅವರು 1996ರ ಡಿಸೆಂಬರ್‌ನಲ್ಲಿ ‘ವಿಶ್ವಕನ್ನಡ’ ಆರಂಭಿಸಿದ ಮೇಲೆ ಪರದೆಯ ಮೇಲೆ ಕನ್ನಡ ಓದಲು ಸಿಕ್ಕಿತು. ಕನ್ನಡದಲ್ಲಿ ಮೊದಲ ಅಂತರ್ಜಾಲ ಪತ್ರಿಕೆ ಅದೇ. ಓದುವುದು ಸಾಧ್ಯವಾಯಿತು, ಬರೆಯುವುದು? ಅದನ್ನು ಬರಹ ಕೊಟ್ಟಿತು. ಉಚ್ಚಾರಣೆಯಂತೆ ಇಂಗ್ಲಿಷ್ ಕೀಲಿಗಳನ್ನು ಒತ್ತುತ್ತ ಹೋದರೆ ಕನ್ನಡ ಅಕ್ಷರ ಮೂಡುತ್ತಿತ್ತು. ಕೀಲಿಮಣೆಯ ವಿನ್ಯಾಸ ಕಲಿಯುವ ಅಗತ್ಯವಿರಲಿಲ್ಲ. ಮೂವತ್ತು ವರ್ಷ ಕನ್ನಡದಲ್ಲಿ ಒಂದು ಸಾಲೂ ಬರೆಯದಿದ್ದ ಡಾಕ್ಟರುಗಳು, ಎಂಜಿನಿಯರುಗಳು ಪ್ರವಾಸ ಕಥನ ಬರೆದರು, ನಾಟಕ ಬರೆದರು, ಕೂಟದ ಸ್ಮರಣಸಂಚಿಕೆಗೆ ಬಾಲ್ಯದ ನೆನಪು ಬರೆದರು. ಮುಂದೆ 2003ರಲ್ಲಿ ಕನ್ನಡ ವಿಕಿಪೀಡಿಯ, 2005ರಲ್ಲಿ ಹರಿಪ್ರಸಾದ್ ನಾಡಿಗರ ‘ಸಂಪದ’, ಆಮೇಲೆ ‘ಅವಧಿ’, ‘ಕೆಂಡಸಂಪಿಗೆ’ ಎಲ್ಲ ಬಂದವು. ಅಲ್ಲಿಗೆಲ್ಲ ಬರೆಯಲು ಹೋದ ಕೈಗಳು ತಯಾರಾದದ್ದು ಬರಹದಂಥ ಸಲಕರಣೆಗಳಿಂದ. ವಾರಗಿತ್ತಿಯ ಪ್ರಶ್ನೆಗೆ ಇದು ನನ್ನ ಉತ್ತರ: ಯೂಟ್ಯೂಬ್ ಇಲ್ಲದಿದ್ದರೆ ನಾವು ನೋಡುವುದು ಕಡಿಮೆಯಾಗುತ್ತಿತ್ತು. ಬರಹ ಇಲ್ಲದಿದ್ದರೆ ನಾವು ಬರೆಯುತ್ತಲೇ ಇರಲಿಲ್ಲ.

ಇದು ನನಗೆ ಬರೀ ವಾದವಾಗಿ ಉಳಿಯಲಿಲ್ಲ. ಕಾರಣ ನನ್ನ ಅತ್ತೆ.

ಅತ್ತೆ ಬೇಸಿಗೆಗೆ ಬಂದರೆ ಮೂರು ತಿಂಗಳು ನಮ್ಮಲ್ಲಿ, ಮೂರು ತಿಂಗಳು ಕ್ಯಾಂಟನ್‌ನಲ್ಲಿ ಇರುತ್ತಿದ್ದರು. ಅವರ ಓಟು ಕನ್ನಡ ದಿನಪತ್ರಿಕೆಗಳ ಇ-ಪೇಪರ್‌ಗೆ. ನಮ್ಮ ಸಂಜೆ ದೀಪ ಹಚ್ಚುವ ಹೊತ್ತಿಗೆ ಊರಿನಲ್ಲಿ ಮರುದಿನ ಬೆಳಗಾಗುತ್ತದೆ; ನಾಳೆಯ ಪೇಪರನ್ನು ಇವತ್ತೇ ಓದುವುದು ಅವರಿಗೆ ಬಹಳ ಇಷ್ಟವಾಗಿತ್ತು. ಮೊದಲು ಶಿವಮೊಗ್ಗದ ಪುಟ, ಆಮೇಲೆ ನಿಧನ ವಾರ್ತೆ, ಆಮೇಲೆ ಮಳೆ ಎಷ್ಟು ಬಂತು, ಲಿಂಗನಮಕ್ಕಿಯಲ್ಲಿ ನೀರು ಎಷ್ಟು ಅಡಿ. ಆ ಕೊನೆಯದನ್ನು ಅವರು ಎಂದೂ ಬಿಡುತ್ತಿರಲಿಲ್ಲ. ಅವರ ತವರು ಸಾಗರ ತಾಲ್ಲೂಕಿನ ಕರೂರು ಸೀಮೆಯಲ್ಲಿತ್ತು. 1964ರಲ್ಲಿ ಶರಾವತಿಗೆ ಲಿಂಗನಮಕ್ಕಿ ಅಣೆಕಟ್ಟು ಮುಗಿದು ಹಿನ್ನೀರು ಹರಡಿದಾಗ ಆ ಊರು ಹೋಯಿತು.

ಒಂದು ಮಧ್ಯಾಹ್ನ ಮಗ ಅಜ್ಜಿಗೆ ಅವರ ಊರು ತೋರಿಸುತ್ತೇನೆಂದು ಗೂಗಲ್ ಅರ್ತ್ ತೆರೆದ. ಸಾಗರ ಕಂಡಿತು, ಹೊಳೆಬಾಗಿಲು ಕಂಡಿತು, ಸಿಗಂದೂರಿಗೆ ಹೋಗುವ ಲಾಂಚಿನ ದಾರಿ ಕಂಡಿತು. ಆಚೆಗೆ ನೀರು. ಎಷ್ಟು ಹಿಗ್ಗಿಸಿದರೂ ನೀರೇ. ಅತ್ತೆ ಬೆರಳಿಟ್ಟು, “ಇಲ್ಲಿ ನಮ್ಮ ಮನೆ, ಇದರ ಕೆಳಗೆ ತೋಟ, ಈಚೆ ದಂಡೆಗೆ ದೇವಸ್ಥಾನ” ಎಂದು ತೋರಿಸುತ್ತ ಹೋದರು. ಮಗ ಕನ್ನಡ ವಿಕಿಪೀಡಿಯದಲ್ಲಿ ಹುಡುಕಿದ. ಊರಿನ ಹೆಸರೇ ಇರಲಿಲ್ಲ. ಗೂಗಲ್‌ನಲ್ಲಿ ಹುಡುಕಿದ, ಅದೇ ಹೆಸರಿನ ಬೇರೆ ಜಿಲ್ಲೆಯ ಊರು ಬಂತು. ಜಗತ್ತಿನ ಮಾಹಿತಿಯನ್ನೆಲ್ಲ ಒದಗಿಸುವ ತಾಣವೂ ಯಾರೋ ಬರೆದಿಟ್ಟದ್ದನ್ನು ಮಾತ್ರ ಕೊಡಬಲ್ಲದು. ಬರೆದವರಿಲ್ಲದ ಊರು ಅದಕ್ಕೆ ಇಲ್ಲದ ಊರು. ನೀರು ತೀರ ಇಳಿದ ಬೇಸಿಗೆಗಳಲ್ಲಿ ಮಡೆನೂರಿನ ಹಳೆಯ ಹಿರೇಭಾಸ್ಕರ ಅಣೆಕಟ್ಟು ಮೇಲೆದ್ದು ಕಾಣುತ್ತದೆ. ಮುಳುಗಿದ ಊರುಗಳ ಜನರ ನೆನಪಿಗೆ ಅಷ್ಟೂ ಅವಕಾಶ ಸಿಕ್ಕಿಲ್ಲ. ಸಾಗರದ ನಾ. ಡಿಸೋಜ ಅವರು ‘ಮುಳುಗಡೆ’ಯಂಥ ಕಾದಂಬರಿಗಳಲ್ಲಿ ಈ ಸಂಕಟವನ್ನು ಕನ್ನಡಿಗರ ಮುಂದಿಟ್ಟರು. ಆದರೆ ಪ್ರತಿ ಊರಿನ ಪ್ರತಿ ಮನೆಯ ಲೆ‌ಕ್ಕವನ್ನು ಒಬ್ಬ ಲೇಖಕರು ಬರೆಯುವುದು ಸಾಧ್ಯವಿಲ್ಲ.

ಆ ಬೇಸಿಗೆ ಅತ್ತೆ ಹೇಳಿದರು, ನಾನು ಬರಹದಲ್ಲಿ ಬರೆದುಕೊಂಡೆ. ಯಾರ ಮನೆ ಯಾವ ದಿಕ್ಕಿಗೆ, ಯಾರ ತೋಟಕ್ಕೆ ಯಾವ ಕಡೆಯಿಂದ ಅಬ್ಬಿ ನೀರು, ಮಳೆಗಾಲಕ್ಕೆ ಹಳ್ಳ ದಾಟುವ ಸಂಕ ಎಲ್ಲಿ ಹಾಕುತ್ತಿದ್ದರು, ಆಲೆಮನೆ ಯಾರ ಅಂಗಳದಲ್ಲಿ, ದೇವರನ್ನು ಎತ್ತಿಕೊಂಡು ಹೊರಟ ದಿನ ಯಾರು ಮುಂದೆ ನಡೆದರು, ಯಾವ ಕುಟುಂಬ ಎಲ್ಲಿಗೆ ಹೋಗಿ ನೆಲೆ ನಿಂತಿತು. ಕ್ಯಾಂಟನ್‌ಗೆ ಹೋದ ಮೇಲೆ ಅವರು ಹೇಳಿದ್ದನ್ನು ವಾರಗಿತ್ತಿ ಫೋನಿನಲ್ಲಿ ದಾಟಿಸುತ್ತಿದ್ದಳು. ಭಾವ ಗ್ರಾಫ್ ಹಾಳೆಯ ಮೇಲೆ ಊರಿನ ನಕ್ಷೆ ಬರೆದು, ಅಮ್ಮನಿಗೆ ತೋರಿಸಿ ತಿದ್ದಿಸಿದರು.

ಇದನ್ನು ವಿಕಿಪೀಡಿಯಕ್ಕೆ ಹಾಕಬಹುದೇ ಎಂದು ಮಗ ಕೇಳಿದ. ಹಾಗೆ ಹಾಕುವಂತಿಲ್ಲ. ಅಲ್ಲಿ ಬರೆಯುವ ಮಾತಿಗೆ ಅಚ್ಚಾದ ಆಧಾರ ಬೇಕು, ಬರೀ ನೆನಪು ಸಾಲದು. ಆ ನಿಯಮ ಸರಿಯೇ. ಅದಿಲ್ಲದಿದ್ದರೆ ವಿಕಿಪೀಡಿಯ ವಾಟ್ಸ್ಯಾಪ್ ಆಗುತ್ತಿತ್ತು. ಆದ್ದರಿಂದ ಮೊದಲು ಅತ್ತೆಯ ಮಾತುಗಳನ್ನೇ ಸಣ್ಣ ಪುಸ್ತಿಕೆಯಾಗಿ ಅಚ್ಚು ಹಾಕಿಸಿ, ನೆಂಟರಿಗೆಲ್ಲ ಹಂಚಿ, ಅದರ ಪ್ರತಿಯನ್ನು ಇಂಟರ್ನೆಟ್ ಆರ್ಕೈವ್‌ಗೆ ಏರಿಸಿದೆವು. 1996ರಲ್ಲಿ ಬ್ರೂಸ್ಟರ್ ಕೇಲ್ ಸ್ಯಾನ್ ಫ್ರಾನ್ಸಿಸ್ಕೊದಲ್ಲಿ ಆರಂಭಿಸಿದ ಲಾಭರಹಿತ ಗ್ರಂಥಾಲಯ ಅದು. ಯಾರು ಬೇಕಾದರೂ ಏರಿಸಬಹುದು, ಯಾರು ಬೇಕಾದರೂ ಪುಕ್ಕಟೆಯಾಗಿ ಓದಬಹುದು. ಕರೂರು ಸೀಮೆಯ ಬೇರೆ ಊರಿನವರು ಅದನ್ನು ನೋಡಿ ತಮ್ಮ ಹಿರಿಯರಿಂದ ಬರೆಸತೊಡಗಿದ್ದಾರೆ ಎಂದು ಸಾಗರದ ನೆಂಟರೊಬ್ಬರು ತಿಳಿಸಿದಾಗ ಅತ್ತೆ ಇನ್ನೂ ಇದ್ದರು. ಆ ಸುದ್ದಿ ಕೇಳಿ, ಹೇಳಲು ಬಿಟ್ಟುಹೋದ ಎರಡು ಮನೆಗಳ ಹೆಸರನ್ನು ನೆನಪು ಮಾಡಿಕೊಂಡು ಸೇರಿಸಿದರು.

ಅದೇ ಆರ್ಕೈವ್‌ನಲ್ಲಿ ನಾವು ಹಳೆಯ ಕನ್ನಡ ತಾಣಗಳನ್ನೂ ಹುಡುಕಿದ್ದುಂಟು. ಸತ್ತುಹೋದ ಪುಟಗಳ ಪ್ರತಿಗಳು ಅಲ್ಲಿವೆ. ಆದರೆ 2000ದ ಆಸುಪಾಸಿನ ಪುಟ ತೆರೆದರೆ ಅನೇಕ ಕಡೆ ಕನ್ನಡವೇ ಕಾಣುವುದಿಲ್ಲ. ಆಗ ಒಂದೊಂದು ತಾಣಕ್ಕೆ ಒಂದೊಂದು ಫಾಂಟು; ಇಂಗ್ಲಿಷ್ ಅಕ್ಷರದ ಸಂಕೇತಗಳ ಮೇಲೆಯೇ ಕನ್ನಡದ ರೂಪ ಕೂರಿಸುತ್ತಿದ್ದರು. ಆ ಫಾಂಟು ಇಲ್ಲದಿದ್ದರೆ ಉಳಿಯುವುದು ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳ ರಾಶಿ. ಯೂನಿಕೋಡ್ ಎಲ್ಲರಿಗೂ ಒಂದೇ ಸಂಕೇತ ಕೊಟ್ಟ ಮೇಲೆ, 2001ರ ವಿಂಡೋಸ್ ಎಕ್ಸ್‌ಪಿಯಲ್ಲಿ ತುಂಗಾ ಫಾಂಟು ಬಂದ ಮೇಲೆ, ಈ ತೊಡಕು ಮೆಲ್ಲಮೆಲ್ಲನೆ ಬಿಡಿಸಿಕೊಂಡಿತು. ಅದಕ್ಕೂ ಮೊದಲು ಬರೆದವರ ಎಷ್ಟೋ ಬರಹ ಪರಿವರ್ತಕದಲ್ಲಿ ಹಾಕಿ ಬಿಡಿಸುವವರಿಗಾಗಿ ಕಾಯುತ್ತಿದೆ. ಇಂಥ ಕೆಲಸವನ್ನು ಯಾವ ದೊಡ್ಡ ಕಂಪನಿಯೂ ಮಾಡುವುದಿಲ್ಲ. ಆದಷ್ಟನ್ನು ಮಾಡಿದ್ದು ನಮ್ಮವರೇ. ವಸುಧೇಂದ್ರ, ಓಂಶಿವಪ್ರಕಾಶ್ ಮುಂತಾದ ಗೆಳೆಯರು 2013ರ ಹೊತ್ತಿಗೆ ಇಪ್ಪತ್ತು ಸಾವಿರಕ್ಕೂ ಹೆಚ್ಚು ವಚನಗಳನ್ನು ‘ವಚನ ಸಂಚಯ’ದಲ್ಲಿ ಹುಡುಕಲು ಬರುವಂತೆ ಇಟ್ಟರು. ವಿ. ಕೃಷ್ಣ ಅವರು ದಶಕಗಟ್ಟಲೆ ಒಬ್ಬರೇ ಕೂಡಿಸಿದ, ಒಂದೂವರೆ ಲಕ್ಷ ಪದಗಳ ನಿಘಂಟು 2019ರಲ್ಲಿ ‘ಅಲರ್’ ಎಂಬ ಹೆಸರಿನಲ್ಲಿ ಎಲ್ಲರಿಗೂ ಮುಕ್ತವಾಯಿತು. ಎ. ಕೆ. ರಾಮಾನುಜನ್ ಪಾಠ ಹೇಳಿದ ಶಿಕಾಗೊ ವಿಶ್ವವಿದ್ಯಾಲಯದ ಗ್ರಂಥಾಲಯದಲ್ಲಿ ಕನ್ನಡ ಪುಸ್ತಕಗಳ ಕಪಾಟಿನ ಮುಂದೆ ನಿಂತಾಗ ನನಗೆ ಹೆಮ್ಮೆಯಾಗಿತ್ತು. ಅಡುಗೆ ಮನೆಯಲ್ಲಿ ನಿಂತು ಮಗ ಅಲರ್‌ನಲ್ಲಿ ‘ಸಂಕ’ ಎಂಬ ಪದ ಹುಡುಕುವುದನ್ನು ಕಂಡಾಗ ಆದದ್ದು ಅದಕ್ಕಿಂತ ದೊಡ್ಡ ಹೆಮ್ಮೆ.

ಆದರೆ ಬರೆಯುವವರು ನಮ್ಮಲ್ಲಿ ಇನ್ನೂ ಸಾಲದು. 2011ರ ಜನಗಣತಿಯಂತೆ ಕನ್ನಡ ಮಾತೃಭಾಷೆಯವರು 4.37 ಕೋಟಿ, ಮಲಯಾಳದವರು 3.48 ಕೋಟಿ. ಮಲಯಾಳ ವಿಕಿಪೀಡಿಯದಲ್ಲಿ ಎಂಬತ್ತು ಸಾವಿರಕ್ಕೂ ಹೆಚ್ಚು ಲೇಖನಗಳಿವೆ. ನಮ್ಮದರಲ್ಲಿ ಅದರ ಅರ್ಧವೂ ಇಲ್ಲ. ಇದು ನನಗೆ ನೋವಿನ ಸಂಗತಿ. ನಮಗೆ ಸಲಕರಣೆ ಇಲ್ಲವೆನ್ನುವ ಕಾಲ ಮುಗಿದು ಇಪ್ಪತ್ತು ವರ್ಷವಾಯಿತು.

ಭಾವ ಈಗ ನಿವೃತ್ತರು. ಅವರ ಪಕ್ಷ ಗೂಗಲ್ಲೇ, ಮಗನದ್ದು ಯೂಟ್ಯೂಬೇ. ಅವರು ತಮ್ಮ ತಮ್ಮ ಪಕ್ಷದಲ್ಲಿರಲಿ. ನನ್ನದೊಂದು ಕೋರಿಕೆ ಇದನ್ನು ಓದುವ ಕೂಟದ ಗೆಳೆಯರಿಗೆ. ಶಿಕಾಗೊ, ಡೆಟ್ರಾಯಿಟ್ ಎರಡು ಕಡೆಯೂ ನಮ್ಮ ಬೇಸ್‌ಮೆಂಟುಗಳ ಪೆಟ್ಟಿಗೆಗಳಲ್ಲಿ ಹಳೆಯ ಸ್ಮರಣಸಂಚಿಕೆಗಳಿವೆ, ಕೈಬರಹದ ಆಹ್ವಾನಗಳಿವೆ, ನಾಟಕದ ಹಸ್ತಪ್ರತಿಗಳಿವೆ. ಬರೆದವರಲ್ಲಿ ಅನೇಕರು ಇನ್ನೂ ನಮ್ಮ ನಡುವೆ ಇದ್ದಾರೆ, ಒಪ್ಪಿಗೆ ಕೇಳಲು ಇದು ಸಮಯ. ಅವನ್ನು ಸ್ಕ್ಯಾನ್ ಮಾಡಿ ಆರ್ಕೈವ್‌ಗೆ ಏರಿಸಿ. ಮನೆಯಲ್ಲಿ ಊರಿನಿಂದ ಬಂದ ಹಿರಿಯರಿದ್ದರೆ ಅವರ ಪಕ್ಕದಲ್ಲಿ ಕೂತು ಬರೆದುಕೊಳ್ಳಿ. ಸ್ಕ್ಯಾನ್ ಮಾಡಲು ಗೊತ್ತಿಲ್ಲದಿದ್ದರೆ ನಿಮ್ಮ ಊರಿನ ಗ್ರಂಥಾಲಯದಲ್ಲಿ ಕೇಳಿ, ಕಲಿಸಿಕೊಡುತ್ತಾರೆ.